ಆರುನೂರು ಅಂಕಿಯ ಸಂಖ್ಯೆ

“ಅಮ್ಮಾ, ಒಡೆಯತ್ತೆ! ಒಡೆಯತ್ತೆ ಕಣಮ್ಮಾ!”

ಮಗಳು ಕೂಗಿದ ರಭಸಕ್ಕೆ ದರ್ಜಿಯಮ್ಮ ಹೊಲಿಗೆ ಯಂತ್ರದ ಸೂಜಿಗೆ ಬೆರಳು ಕೊಡುವುದರಲ್ಲಿದ್ದಳು. “ಏನೇ ಒಡೆದೆ? ಗ್ಲಾಸಾ?”

“ಗ್ಲಾಸಲ್ಲ, ಸಂಖ್ಯೆ.” ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಗಳು ನಗುತ್ತಿದ್ದಳು. ತವರಿಗೆ ಬಂದ ಮೇಲೆ ಇದೇ ಮೊದಲ ನಗು. ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು, ಪಾಠ ನಡೆಯುವ ದಿನಗಳಲ್ಲೇ ರಜಾ ಹಾಕಿ ಗಂಡನನ್ನು ಬಿಟ್ಟು ಒಬ್ಬಳೇ ಬಂದಿದ್ದಳು. ಕೇಳಿದರೆ “ಸುಮ್ನೆ ಬಂದೆ” ಅಷ್ಟೆ. ಅಳಿಯ ಏನೋ ಮಾಡಿದ್ದಾನೆ ಎಂದು ತಾಯಿಗೆ ಅನುಮಾನ. ನೇರವಾಗಿ ಕೇಳಲು ಮಾತ್ರ ಬಾಯಿ ಬಂದಿರಲಿಲ್ಲ.

“ಆರುನೂರು ಅಂಕಿ ಉದ್ದದ ಸಂಖ್ಯೆ ಅಮ್ಮ. ಹದಿಮೂರು, ಹದಿನೇಳರ ಥರ ಅವಿಭಾಜ್ಯ ಇರಬಹುದು, ಯಾವುದರಿಂದಲೂ ಭಾಗ ಹೋಗಲ್ಲ ಅಂತ ಕಾಲೇಜಲ್ಲಿ ಅಂದ್ಕೊಂಡಿದ್ವಿ. ಹೋಗತ್ತೆ!”

“ಯಾವುದರಿಂದ ಹೋಗತ್ತೆ?”

“ಅದು ಗೊತ್ತಿಲ್ಲ.”

“ಅಯ್ಯೋ, ಇದೊಳ್ಳೆ ಕತೆ! ಗೊತ್ತಿಲ್ದೆ ಹೇಗೇ ಹೇಳ್ತೀಯ?”

“ಅದಕ್ಕೊಂದು ಪರೀಕ್ಷೆ ಇದೆ. ಅವಿಭಾಜ್ಯ ಆಗಿದ್ರೆ ಲೆಕ್ಕದ ಕೊನೇಲಿ ಶೇಷ ಒಂದೇ ಉಳೀಬೇಕು. ಇಲ್ಲಿ ಬೇರೇನೋ ಉಳೀತು. ಒಡೆಯತ್ತೆ ಅನ್ನೋದು ಖಂಡಿತ. ಎಲ್ಲಿ ಅಂತ ಹುಡುಕೋಕೆ ಈ ಜನ್ಮ ಸಾಲದೇ ಹೋಗ್ಬಹುದು.”

ದರ್ಜಿಯಮ್ಮ ಕೈಯಲ್ಲಿದ್ದ ರವಿಕೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಆದದ್ದಾಗಲಿ ಎಂದುಕೊಂಡಳು.

“ನಾನೂ ನಿನ್ನೆ ಒಂದು ಪರೀಕ್ಷೆ ಮಾಡ್ದೆ ಕಣೇ. ಅಳಿಯಂದ್ರಿಗೆ ಒಂದು ಷರ್ಟ್ ಹೊಲೀಲಾ ಅಂತ ಕೇಳ್ದೆ. ನೀನು ‘ಬೇಡ ಬಿಡಮ್ಮ’ ಅಂದೆ. ಹೋದ ವರ್ಷ ಆಗಿದ್ರೆ ಬಣ್ಣ ಹೇಳ್ತಿದ್ದೆ, ಕಾಲರ್ ಹೀಗಿರ್ಲಿ ಅಂತಿದ್ದೆ, ನನ್ನ ತಲೆ ತಿಂತಿದ್ದೆ. ಒಡೆದಿದೆ ಅಂತ ನನಗೆ ಆಗ್ಲೇ ಗೊತ್ತಾಯ್ತು. ಯಾವುದರಿಂದ ಅಂತ ನೀನು ಹೇಳು. ಹೊಡೆದ್ರಾ? ಕುಡೀತಾರಾ? ಬೇರೆ ಯಾರಾದ್ರೂ...?”

ಮಗಳ ಮುಖದ ನಗು ಇಳಿಯಿತು. ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕೆ ಸರಿಸಿದಳು. ಅಳಿಯನಿಗೆ ಹಾಕಬೇಕಾದ ಬೈಗುಳವೆಲ್ಲ ದರ್ಜಿಯಮ್ಮನ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿತ್ತು. ಹೂಂ ಅಂದರೆ ಸಾಕು, ಈಗಿಂದೀಗಲೇ ಹೋಗಿ ಅವನ ಗ್ರಹಚಾರ ಬಿಡಿಸುವವಳೇ.

“ಏನೂ ಇಲ್ಲಮ್ಮ. ಹೊಡೆದಿಲ್ಲ, ಬೈದಿಲ್ಲ. ಇವತ್ತಿಗೂ ನನಗಿಂತ ಮೊದಲು ಎದ್ದು ಕಾಫಿ ಮಾಡ್ತಾರೆ. ಒಂದೇ ಮೇಜಲ್ಲಿ ಕೂತು ಕುಡೀತೀವಿ. ಮಾತಿಲ್ಲ. ಯಾಕೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

“ಜಗಳ ಅಂತ ಒಂದೂ ಆಗಿಲ್ವಾ?”

“ಆಗಿದ್ರೆ ಚೆನ್ನಾಗಿತ್ತು,” ಎಂದು ಮಗಳು ಕಣ್ಣೊರೆಸಿಕೊಂಡಳು. “ಯಾವುದಕ್ಕೆ ಅಂತ ರಾಜಿ ಆಗ್ಲಿ ಹೇಳಮ್ಮ?”