ಆರಲೆಂದು ಇಟ್ಟ ಕಾಫಿ

ಸೈಮಿ ಕಾಫಿ ಬಟ್ಟಲನ್ನು ತುಟಿಯ ತನಕ ಒಯ್ದವಳು, ಒಂದು ಗುಟುಕೂ ಕುಡಿಯದೆ ಪಕ್ಕದ ಮೇಜಿನ ಮೇಲೆ ಇಟ್ಟುಬಿಟ್ಟಳು. ಅರಬ್ಬರ ಇರ್ಬಿದ್ ಊರಿನಲ್ಲಿ, ಹದೀಲಳ ಮನೆಯ ಪಡಸಾಲೆಯಲ್ಲಿ ಮಾತು ಗಪ್ಪನೆ ನಿಂತಿತು. ಹದೀಲ್ ನಾಲಿಗೆ ಕಚ್ಚಿಕೊಂಡಳು. ಅಯ್ಯೋ ದೇವರೇ, ಇದೊಂದನ್ನು ಹೇಳುವುದೇ ಮರೆತೆನಲ್ಲ!

ಬೆಳಿಗ್ಗೆ ತಾನೇ ವಿಶ್ವವಿದ್ಯಾಲಯದಲ್ಲಿ, ಸೈಮಿಯೂ ಸೇರಿದಂತೆ ಹೊರದೇಶಗಳಿಂದ ಒಂದು ಸೆಮಿಸ್ಟರ್ ಓದಲು ಬಂದ ಹೊಸಬರನ್ನೆಲ್ಲ ಕೂರಿಸಿಕೊಂಡು ಅವಳು ದೊಡ್ಡ ಭಾಷಣವನ್ನೇ ಮಾಡಿದ್ದಳು. ಹುಡುಗಿಯರು ಟ್ಯಾಕ್ಸಿಯಲ್ಲಿ ಹಿಂದೆ ಕೂರಬೇಕು. ಯಾರಾದರೂ ಊಟಕ್ಕೆ ಕರೆದರೆ ಮೊದಲ ಸಲಕ್ಕೇ ಹೂಂ ಅನ್ನಬಾರದು. ಆಫೀಸಿನಲ್ಲಿ 'ನಾಳೆ ಬನ್ನಿ' ಅಂದರೆ ಅದು ನಾಳೆಯೇ ಆಗಬೇಕೆಂದಿಲ್ಲ. ಕಾಫಿ ಸಾಕೆನಿಸಿದರೆ ಖಾಲಿ ಬಟ್ಟಲನ್ನು ಅಲ್ಲಾಡಿಸಿ ಕೊಡಿ, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಎಲ್ಲ ಹೇಳಿದವಳು, ಕುಡಿಯದ ಬಟ್ಟಲನ್ನು ಕೆಳಗಿಡಬೇಡಿ ಎಂದು ಮಾತ್ರ ಹೇಳಿರಲಿಲ್ಲ. ಅದನ್ನೂ ಹೇಳಿಕೊಡಬೇಕೆ? ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು, ಅತಿಥಿ ಬಟ್ಟಲು ಕೆಳಗಿಟ್ಟರೆ ಏನೋ ಕೇಳಲು ಬಂದಿದ್ದಾನೆ ಅಂತ. ಮನೆಯ ಯಜಮಾನ 'ಕೊಟ್ಟೆ' ಅನ್ನುವ ತನಕ ಅವನು ಕುಡಿಯುವುದಿಲ್ಲ. ಕುಡಿಯದೆ ಎದ್ದು ಹೋದನೋ, ಆ ಮನೆಯವರು ನಾಲ್ಕು ಜನರ ನಡುವೆ ತಲೆ ಎತ್ತುವ ಹಾಗಿಲ್ಲ.

ಅದೂ ದೈಫಲ್ಲಾ ಚಿಕ್ಕಪ್ಪ ಕೂತಿರುವಾಗಲೇ ಆಗಬೇಕೆ! ಮುಂದಿನ ಸೆಮಿಸ್ಟರಿಗೆ ಸೈಮಿಯ ಊರಿಗೇ, ಫಿನ್ಲೆಂಡಿಗೆ, ಓದಲು ಹೋಗಲು ಹದೀಲ್ ಆಯ್ಕೆಯಾಗಿದ್ದಳು. "ಹೆಣ್ಣುಮಗು ಒಂಟಿಯಾಗಿ ಆ ಹಿಮದ ದೇಶಕ್ಕಾ? ಜನ ಏನಂದಾರು?" ಎಂದು ಅಡ್ಡಗಾಲು ಹಾಕಿದವನು ಇದೇ ಚಿಕ್ಕಪ್ಪ. ತಮ್ಮನ ಮಾತಿಗೆ ಕಟ್ಟುಬಿದ್ದು ಅಪ್ಪ ಅಬೂ ರಾಕಾನ್ ಬಂಧುಗಳೆದುರು "ಬೇಡ" ಅಂದುಬಿಟ್ಟಿದ್ದ. ಹೋಗುತ್ತಾಳೋ ಇಲ್ಲವೋ ಎಂದು ಅವಳು ಈ ವಾರದೊಳಗೆ ವಿಶ್ವವಿದ್ಯಾಲಯಕ್ಕೆ ತಿಳಿಸಬೇಕಿತ್ತು. ಅಷ್ಟು ದೂರದಿಂದ ಒಬ್ಬಳೇ ಬಂದ ಹುಡುಗಿಯನ್ನು ಕಣ್ಣಾರೆ ಕಂಡರೆ ಅಪ್ಪ ಕರಗಿಯಾನು ಎಂಬ ಆಸೆಯಿಂದಲೇ ಅವಳು ಸೈಮಿಯನ್ನು ಮನೆಗೆ ಕರೆತಂದಿದ್ದಳು.

"ಕುಡಿ ಮಗಳೇ," ಅಂದ ಅಪ್ಪ ಅರಬ್ಬಿಯಲ್ಲಿ, ಕೈಯಲ್ಲಿ ಹಿತ್ತಾಳೆಯ ಕಾಫಿ ಹೂಜಿ ಹಿಡಿದು. ಸೈಮಿ ಏನೂ ಅರ್ಥವಾಗದೆ ಚೆಂದವಾಗಿ ನಕ್ಕಳು. ಬಟ್ಟಲು ಮುಟ್ಟಲಿಲ್ಲ.

ಚಿಕ್ಕಪ್ಪನಿಗೆ ಹುರುಪು ಬಂತು. "ಅಣ್ಣಾ, ಹುಡುಗಿ ಏನೋ ಕೇಳೋಕೆ ಬಂದಿದಾಳೆ. ನಮ್ಮ ಪದ್ಧತಿಯೆಲ್ಲ ಕಲ್ತ್ಕೊಂಡೇ ಬಂದಿದಾಳೆ ನೋಡು, ಭೇಷ್! ಮನೆತನದ ಮರ್ಯಾದೆ ಪ್ರಶ್ನೆ. ಕೊಟ್ಟೆ ಅಂದ್ಬಿಡು!"

ಅಪ್ಪ ಎದೆಯ ಮೇಲೆ ಕೈ ಇಟ್ಟ. "ಏನೇ ಇರ್ಲಿ, ಕೊಟ್ಟೆ. ಏನು ಬೇಕಂತೆ ಕೇಳೇ, ಹದೀಲ್."

"ಯಾಕೆ ಇಟ್ಟೆ ಮಾರಾಯ್ತಿ?" ಎಂದು ಹದೀಲ್ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು.

"ಸುಡ್ತಿದೆ ಕಣೇ! ಇದಕ್ಕೆ ಹಿಡಿನೂ ಇಲ್ಲ. ಆರ್ಲಿ ಅಂತ ಇಟ್ಟೆ," ಅಂದಳು ಸೈಮಿ, ಪಿಸುಗುಟ್ಟದೆ. "ಯಾಕೆ, ತಪ್ಪಾಯ್ತಾ?"

ಇಷ್ಟೇ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಎಲ್ಲರೂ ನಕ್ಕು ಹಗುರಾಗುತ್ತಿದ್ದರು. ಆದರೆ ಅಪ್ಪನ ಕೈ ಇನ್ನೂ ಎದೆಯ ಮೇಲೇ ಇತ್ತು.

"ಅಪ್ಪಾ... ಮುಂದಿನ ಸೆಮಿಸ್ಟರಿಗೆ ನನ್ನನ್ನ ಅವಳ ಊರಿಗೆ ಓದೋಕೆ ಕಳಿಸ್ಬೇಕಂತೆ. ಅವಳ ಅಮ್ಮನ ಮನೇಲೇ ಇಟ್ಕೋತಾರಂತೆ. ಒಳ್ಳೆ ಮನೆತನವಂತೆ. ಅಜ್ಜಿನೂ ಜೊತೇಲೇ ಇದಾರಂತೆ." ಅಜ್ಜಿ ಇದ್ದಾಳೋ ಇಲ್ಲವೋ ಆ ದೇವರೇ ಬಲ್ಲ. ಒಮ್ಮೆ ಬಾಯಿ ಬಿಟ್ಟಮೇಲೆ ಸುಳ್ಳು ತಾನಾಗಿಯೇ ಉದ್ದವಾಗುತ್ತ ಹೋಗಿತ್ತು.

ಚಿಕ್ಕಪ್ಪನ ಮುಖ ಹರಳೆಣ್ಣೆ ಕುಡಿದವನಂತಾಯಿತು. "ಅಷ್ಟು ಪುಟ್ಟ ಮಾತಲ್ಲಿ ಇಷ್ಟೆಲ್ಲ ಹೇಳಿದ್ಳಾ?"

"ಇಂಗ್ಲಿಷ್ ಹಾಗೇ ಚಿಕ್ಕಪ್ಪ, ಬೇಗ ಮುಗಿಯುತ್ತೆ."

ಅಪ್ಪ ಮಗಳನ್ನೇ ದಿಟ್ಟಿಸಿದ. ಅಕಬಾ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿ, ದೇಶದೇಶದ ಹಡಗಿನವರ ಸುಳ್ಳು ಹಿಡಿದು ಹಿಡಿದು ಕೂದಲು ನರೆಸಿಕೊಂಡವನು ಅವನು. ಹದೀಲಳಿಗೆ ತಲೆ ಎತ್ತಲಾಗಲಿಲ್ಲ. ಇನ್ನೇನು ಬೈಗುಳ ಬೀಳುತ್ತದೆ ಎಂದು ಕಾದಳು.

"ಏನ್ಮಾಡ್ಲಿ ದೈಫಲ್ಲಾ," ಎಂದು ಅಪ್ಪ ನಿಟ್ಟುಸಿರು ಬಿಟ್ಟ. "ಮನೆತನದ ಮರ್ಯಾದೆ ಅಂತ ನೀನೇ ಅಂದೆ. ಕೊಟ್ಟೆ ಅಂದಾಗಿದೆ. ಯಾರಾದ್ರೂ ಕೇಳಿದ್ರೆ, ಅತಿಥಿ ಬಟ್ಟಲು ಕೆಳಗಿಟ್ಟಳು ಅನ್ನು. ನೀನೇ ಸಾಕ್ಷಿ."

ಚಿಕ್ಕಪ್ಪ ತನ್ನ ಖಾಲಿ ಬಟ್ಟಲನ್ನು ಪಟಪಟನೆ ಅಲ್ಲಾಡಿಸಿ ಅಣ್ಣನ ಕೈಗಿತ್ತ. ಬಾಂಗು ಕೇಳುವ ಮೊದಲೇ "ನಮಾಜಿಗೆ ಹೊತ್ತಾಯ್ತು" ಎನ್ನುತ್ತ ಎದ್ದು ನಡೆದ.

ಹದೀಲಳಿಗೆ ಕುಣಿಯುವಷ್ಟು ಖುಷಿ. ಆದರೆ ಹೇಳಿದ ಸುಳ್ಳು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಕೂತಿತ್ತು. "ಅಪ್ಪಾ, ಅವಳು ನಿಜವಾಗಿ ಹೇಳಿದ್ದು..." ಎಂದು ಶುರುಮಾಡಿದಳು. ಅಪ್ಪ ಸುಮ್ಮನಿರು ಎಂಬಂತೆ ಕೈ ಅಡ್ಡ ಹಿಡಿದ. ಸೈಮಿಯ ಬಟ್ಟಲೆತ್ತಿ, ಆರಿದ ಕಾಫಿಯನ್ನು ಚೆಲ್ಲಿ, ಹೊಸದಾಗಿ ಬಗ್ಗಿಸಿ, ಬಲಗೈಯಲ್ಲಿ ಅವಳ ಮುಂದೆ ಹಿಡಿದ. ಔಷಧಿ ಡಬ್ಬಿಯ ಮೇಲಿನ ಇಂಗ್ಲಿಷ್ ಬರಹವನ್ನೂ ಮಗಳಿಂದಲೇ ಓದಿಸಿಕೊಳ್ಳುತ್ತಿದ್ದ ಆ ಅಪ್ಪ, ಅವಳು ಹುಟ್ಟಿದ ಮೇಲೆ ಒಮ್ಮೆಯೂ ಅವನ ಬಾಯಲ್ಲಿ ಕೇಳಿರದ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೇಳಿದ:

"ಊದಿಕೊಂಡು ಕುಡಿಯಮ್ಮ. ಇದೂ ಸುಡುತ್ತೆ."