ಎಡಗೈ ಎತ್ತಿದ್ದೇಕೆ?

"ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ" ಎಂದಿದ್ದರು ಹಲ್ಲಿನ ಡಾಕ್ಟರು. ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ ಟೈಲರಮ್ಮನ ಎಡಗೈ ಈಗ ನೆಟ್ಟಗೆ ಮೇಲೆದ್ದಿತ್ತು. ಆದರೆ ನೋವಿಗಲ್ಲ.

ಆಕೆಯ ಬಾಯೊಳಗೆ ಇಕ್ಕಳ ಆಡಿಸುತ್ತಲೇ ಡಾಕ್ಟರು ಆಕೆಗೆ ಪ್ರಾಣವಾಗಿದ್ದ ಸಂಜೆಯ ಧಾರಾವಾಹಿಯನ್ನು ಜಾಲಾಡುತ್ತಿದ್ದರು. "ಆ ಹಿರಿಸೊಸೆ ಆರು ತಿಂಗಳಿಂದ ಅಳ್ತಾನೇ ಇದ್ದಾಳಲ್ರೀ! ನಲ್ಲಿ ನೀರಾದ್ರೂ ಆಗಾಗ ನಿಲ್ಲುತ್ತೆ. ಅವಳಿಗಿಂತ ಆ ಅತ್ತೇನೇ ಎಷ್ಟೋ ವಾಸಿ."

ಅತ್ತೆ ವಾಸಿಯಂತೆ! ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇಕ್ಕಳ ಆಚೆ ಬಂದದ್ದೇ ತಡ, ಮರಗಟ್ಟಿದ ನಾಲಿಗೆಯಲ್ಲೇ ತಿರುಗಿಬಿದ್ದಳು. "ಅವಳು ಅತ್ತಿದ್ದು ಮೂರೇ ದಿನ ಡಾಕ್ಟ್ರೇ! ಹೊಲಿಗೆ ಬಿಟ್ಟರೂ ನಾನು ಒಂದು ದಿನಾನೂ ಅದನ್ನ ಬಿಟ್ಟಿಲ್ಲ. ಆ ಅತ್ತೇನ ಹೊಗಳ್ತೀರಲ್ಲ, ನಿಮಗೆ ಮನಸ್ಸಾದ್ರೂ ಹೇಗೆ ಬರುತ್ತೆ?"

"ತಪ್ಪಾಯ್ತಮ್ಮ. ಬಾಯಿ ಮುಕ್ಕಳಿಸಿ" ಎಂದ ಡಾಕ್ಟರು ಸ್ಟೀಲ್ ತಟ್ಟೆಯನ್ನು ಮುಂದೆ ಹಿಡಿದರು. ಅದರಲ್ಲಿ ಎರಡು ವರ್ಷದಿಂದ ಆಕೆ ಹೆದರಿ ಕೀಳಿಸದೇ ಇದ್ದ ದವಡೆಹಲ್ಲು ತಣ್ಣಗೆ ಮಲಗಿತ್ತು. "ನಮ್ಮನೇಲೂ ಆ ಧಾರಾವಾಹಿ ಶುರುವಾದ್ರೆ ಯಾರೂ ಫೋನ್ ಎತ್ತಲ್ಲ" ಎಂದು ನಕ್ಕರು.

ಹೊರಗಿನ ಬೆಂಚಿನಲ್ಲಿ ದಪ್ಪ ಮೀಸೆಯ ಲಾರಿ ಡ್ರೈವರೊಬ್ಬ ಬೆವರುತ್ತ ಚೀಟಿ ತುಂಬುತ್ತಿದ್ದ. ಹೆಸರು, ವಯಸ್ಸಿನ ಕೆಳಗೆ 'ಇಷ್ಟದ ಸಿನಿಮಾ ಅಥವಾ ಧಾರಾವಾಹಿ' ಎಂಬಲ್ಲಿ ಅವನ ಪೆನ್ನು ನಿಂತಿತ್ತು. ತಾನೂ ಅದನ್ನು ತುಂಬಿದ್ದು ಟೈಲರಮ್ಮನಿಗೆ ಆಗ ನೆನಪಾಯಿತು. ಹತ್ತಿ ಕಚ್ಚಿಕೊಂಡೇ ಬಗ್ಗಿ ಪಿಸುಗುಟ್ಟಿದಳು:

"ನಿಜವಾಗ್ಲೂ ಇಷ್ಟವಾದದ್ದನ್ನೇ ಬರಿಯಪ್ಪಾ. ಸುಳ್ಳು ಬರೆದ್ರೆ ನೋವಾಗುತ್ತೆ."