ಟವೆಲ್ ಹಾಸಿದ ಸೀಟು

"ಡೀಸೆಲ್ ಮತ್ತ ಮೂರು ರೂಪಾಯಿ ಏರೇತ್ರೀ ಟೀಚರ್! ನಾವೇನು ಮಣ್ಣು ತಿನ್ನೋಣೇನ್ರೀ?"

ಟಂಟಂ ಆಟೋ ಓಡಿಸುವ ಮೌಲಾಸಾಬ ಬಂಕಿನಿಂದ ಹೊರಬರುತ್ತಲೇ ಕೂಗಾಡಿದ. ಹಳ್ಳಿ ಶಾಲೆಯ ಟೀಚರ್ ದಿನಾ ಅವನ ಗಾಡಿಗೇ ಬರುತ್ತಿದ್ದರು. ಆ ದಾರಿಗೆ ಬಸ್ಸಿರಲಿಲ್ಲ.

"ತಡಕೋ ತಮ್ಮಾ. ಸರಕಾರದ ಖಜಾನಿ ಬರಿದಾಗೇತಿ. ಹೊಸ ಬಸ್ ಬಿಡಾಕಂತ ತೆರಿಗೆ ಏರಿಸ್ಯಾರ."

"ಎಲ್ಲೈತ್ರೀ ಬಸ್ಸು? ನನ್ನ ರೊಕ್ಕ ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು!"

ಎರಡು ತಿಂಗಳು ಇದೇ ಜಗಳ ನಡೆಯಿತು.

ಒಂದು ಬೆಳಿಗ್ಗೆ ಮೌಲಾಸಾಬ ಎಂದಿನಂತೆ ಟೀಚರ್ ಸೀಟಿಗೆ ಟವೆಲ್ ಹಾಸಿ, ಬೇರೆ ಯಾರನ್ನೂ ಅಲ್ಲಿ ಕೂರಗೊಡದೆ, ಸರ್ಕಲ್ಲಿನಲ್ಲಿ ಕಾಯುತ್ತಿದ್ದ. ಹಿಂದಿನಿಂದ ಹಾರನ್ ಕೇಳಿ ತಿರುಗಿದರೆ, ಹೂಮಾಲೆ ಹಾಕಿದ ಹೊಸ ಬಸ್ಸು. ಕಿಟಕಿಯಿಂದ ಇಣುಕಿದ ಟೀಚರ್ ಖುಷಿಯಿಂದ ಕೈಬೀಸಿದರು.

"ನೋಡು ತಮ್ಮಾ, ನಿನ್ನ ರೊಕ್ಕ ಹೊಳ್ಯಾಗ ಹೋಗಲಿಲ್ಲ!"